ಫೋಟೋದ ಕೆಳಗಿನ ಸಾಲು

"ಇವರ ಕೆಳಗೆ ಏನಂತ ಹಾಕ್ಲಿ ಸಾರ್?" ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ.

ಪರದೆಯ ಮೇಲೆ ಯಮನೂರನ ಮುಖವಿತ್ತು. ರೇಷನ್ ಕಾರ್ಡಿನ ಫೋಟೋದಲ್ಲಿ ಅವನ ಆಚೀಚೆ ನಿಂತಿದ್ದ ಹೆಂಡತಿ, ಮಗಳನ್ನು ಕತ್ತರಿಸಿ ಅವನೊಬ್ಬನನ್ನೇ ಉಳಿಸಿಕೊಂಡಾಗಿತ್ತು. ಅವನ ಮೇಲಿನ ಸಾಲಿನಲ್ಲಿದ್ದವರೆಲ್ಲ ಸಮವಸ್ತ್ರದವರು. ಹಿಂದಿನ ವರ್ಷ ನವೆಂಬರಿನಲ್ಲಿ ಮುಂಬೈಯಲ್ಲಿ ಉಗ್ರರ ಗುಂಡಿಗೆ ಎದೆಯೊಡ್ಡಿದವರು. ಒಬ್ಬೊಬ್ಬರ ಕೆಳಗೂ ಹುದ್ದೆ ಬರೆದಿತ್ತು. ಜಿಗಣಿಯಲ್ಲಿ ಫ್ಲೆಕ್ಸ್ ಹತ್ತಿದ ಮೇಲೆ ಯಾರೂ ಬರೀ ಹೆಸರಾಗಿ ಇರುವಂತಿಲ್ಲ. ಹುಟ್ಟುಹಬ್ಬಕ್ಕೆ ಶುಭ ಕೋರುವವರಿಗೂ ಯುವ ಮುಖಂಡರು, ಸಮಾಜ ಸೇವಕರು ಎಂದೇನಾದರೂ ಬಾಲ ಬೇಕೇ ಬೇಕು. ಈ ಶ್ರದ್ಧಾಂಜಲಿಯ ತಳದಲ್ಲೂ ಅಂಥ ಹದಿನಾಲ್ಕು ಜನ ಕೈಮುಗಿದು ನಿಂತಿದ್ದರು. ನಡುವೆ ಇದನ್ನು ಮಾಡಿಸುತ್ತಿದ್ದ ಮುನಿಕೃಷ್ಣ. ಅವನ ಮುಖ ಸತ್ತವರ ಮುಖಗಳಿಗಿಂತ ಒಂದು ಸುತ್ತು ದೊಡ್ಡದೇ ಇತ್ತು.

ಹಾಗೆಂದು ಮುನಿಕೃಷ್ಣ ಕೆಟ್ಟವನಲ್ಲ. ಅವನ ವಠಾರದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದು ಗಾರ್ಮೆಂಟ್ಸಿಗೆ ಹೋಗುವ ರುಕ್ಮವ್ವನ ಗಂಡ ಯಮನೂರ ಆ ದಿನ ಮುಂಬೈ ಸ್ಟೇಷನ್ನಿನಲ್ಲೇ ಸತ್ತವನು ಎಂದು ಗೊತ್ತಾದಾಗ, ತಾನಾಗಿಯೇ ಬಂದು ಫೋಟೋ ಕೇಳಿದ್ದ. ಈಗ ಅವಳನ್ನು ಅಂಗಡಿಗೂ ಕರೆತಂದಿದ್ದ.

"ಏನಾದ್ರೂ ಮಾಡಿದ್ನೇನಮ್ಮ ನಿನ್ನ ಗಂಡ?" ಎಂದು ಅವಳ ಕಡೆ ತಿರುಗಿದ. "ಯಾರನ್ನಾರ ಕಾಪಾಡಕ್ಕೆ ಓಗಿದ್ನಾ? ಮಕ್ಕಳು ಮರೀನ ಎಳ್ಕೊಂಡು ಬಂದಿದ್ದು, ಅಂಗೇನಾದ್ರೂ?"

ನಡೆದದ್ದು ರುಕ್ಮವ್ವನಿಗೆ ಗೊತ್ತಿತ್ತು. ಕಟ್ಟಡದ ಕೆಲಸಕ್ಕೆಂದು ಯಮನೂರನ ಜೊತೆ ಮುಂಬೈಗೆ ಹೋಗಿದ್ದ ಅವಳ ಊರಿನ ಹಣಮಂತ ಆ ದಿನವೂ ಅವನ ಜೊತೆಗಿದ್ದ. ತಿರುಗಿ ಬಂದವನು ಅವಳೊಬ್ಬಳಿಗೇ ಎಲ್ಲ ಹೇಳಿ, ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ಆದರೆ ಇಲ್ಲವೆಂದರೆ ಈ ಮುಖವನ್ನು ಅಲ್ಲಿಂದ ತೆಗೆದುಬಿಟ್ಟರೆ? ಸತ್ತು ವರ್ಷವಾಗಿತ್ತು. ಅವನ ಮಾತನ್ನು ಹೊರಗಿನವರೊಬ್ಬರು ಎತ್ತಿದ್ದು ಇದೇ ಮೊದಲು.

"ಹೌದ್ರಿ ಅಣ್ಣಾರ," ಎಂದುಬಿಟ್ಟಳು.

ನವೆಂಬರ್ ಇಪ್ಪತ್ತಾರರ ಸಂಜೆ ಆರಕ್ಕೆ ಸರ್ಕಲ್ಲಿನಲ್ಲಿ ಸಭೆ. ಎರಡು ಕಂಬಗಳ ನಡುವೆ ಫ್ಲೆಕ್ಸ್ ಬಿಗಿದು ನಿಂತಿತ್ತು. ಆರನೇ ಕ್ಲಾಸಿನ ಶೈಲಶ್ರೀ ಅವ್ವನ ಕೈ ಬಿಡಿಸಿಕೊಂಡು ಮುಂದೆ ಹೋಗಿ, ಅಪ್ಪನ ಮುಖದ ಕೆಳಗಿನ ಸಾಲನ್ನು ಓದಿದಳು. ಅವ್ವನಿಗೆ ಓದು ಬಾರದ್ದರಿಂದ ಇನ್ನೊಮ್ಮೆ ಗಟ್ಟಿಯಾಗಿ ಓದಿದಳು: "ಮಕ್ಕಳ ಜೀವ ಉಳಿಸಲು ತನ್ನ ಜೀವ ತೆತ್ತ ವೀರ ಯಮನೂರ."

ಮಗಳು ಹಿಗ್ಗುತ್ತಾಳೆಂದು ರುಕ್ಮವ್ವ ಕಾದಿದ್ದಳು. ಹುಡುಗಿಯ ಮುಖ ಸಣ್ಣದಾಯಿತು.

"ಯಾರ ಮಕ್ಕಳು ಬೇ ಅವು?"

"ಯಾರವೋ ಏನೋ. ಮಂದಿ ಮಕ್ಕಳು."

"ಅಪ್ಪಗ ಅವಾಗ ನಾ ನೆನಪಾಗ್ಲಿಲ್ಲೇನು?"

ರುಕ್ಮವ್ವ ಮಗಳ ಕಡೆ ಕೈ ಚಾಚಿದಳು. ಗಂಡನಿಗೆ ಒಂದು ಮರ್ಯಾದೆ ತರಲು ಹೋಗಿ, ಮಗಳಿಂದ ಅಪ್ಪನನ್ನೇ ಕಿತ್ತುಕೊಂಡಂತಾಗಿತ್ತು. ಏನಾದರೂ ಹೇಳೋಣವೆಂದರೆ ಮೈಕು ಅರಚತೊಡಗಿತು. ಒಬ್ಬರಾದ ಮೇಲೊಬ್ಬರು ಮಾತಾಡಿದರು. ದೇಶ, ತ್ಯಾಗ, ರಕ್ತ ಎಂಬ ಮಾತುಗಳು ಬಂದು ಹೋದವು. ಶೈಲಶ್ರೀ ತಲೆಯೆತ್ತಿ ಫ್ಲೆಕ್ಸ್ ನೋಡಲೇ ಇಲ್ಲ. ಈಗ ಇಲ್ಲೇ ಗ್ರಾನೈಟ್ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ ಹಣಮಂತ ಕೆಲಸದಿಂದ ನೇರ ಬಂದು, ತಲೆಯ ಮೇಲಿನ ಬಿಳಿ ಕಲ್ಲುಪುಡಿಯನ್ನೂ ಕೊಡವದೆ ಜನರ ಹಿಂದೆ ನಿಂತಿದ್ದ. ಆ ಸಾಲನ್ನು ಅವನೂ ಓದಿದ್ದ.

"ಈಗ ನಮ್ಮೂರಲ್ಲೇ ಇರೋ ವೀರಪತ್ನಿ ರುಕ್ಮವ್ವನೋರು ಎರಡು ಮಾತಾಡ್ತಾರೆ," ಎಂದು ಮುನಿಕೃಷ್ಣ ಮೈಕು ತಂದು ಅವಳ ಕೈಗಿತ್ತ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎಲ್ಲಾರಿಗೂ ಶರಣ್ರಿ. ಅಲ್ಲಿ ಬರದದ್ದು ಖರೇ ಅಲ್ರಿ. ಅಣ್ಣಾರದು ತಪ್ಪಿಲ್ಲ, ನಾನ ಸುಳ್ಳು ಹೇಳೀನಿ."

ಮುನಿಕೃಷ್ಣ ಒಂದು ಹೆಜ್ಜೆ ಮುಂದೆ ಬಂದು ನಿಂತ. ಅವಳು ಮಗಳನ್ನೇ ನೋಡುತ್ತಿದ್ದಳು.

"ನನ್ನ ಗಂಡ ಯಾರನ್ನೂ ಉಳಿಸ್ಲಿಲ್ರಿ. ಊರಿಗೆ ಬರಾಕ ಅಂತ ಸ್ಟೇಷನ್ನಿಗೆ ಬಂದಿದ್ದ. ಗುಂಡು ಹಾರಿದ್ವು, ಎಲ್ಲಾರೂ ಓಡಿದ್ರು, ಅಂವನೂ ಓಡಿದ. ಜೋಡಿ ಇದ್ದ ಹಣಮಂತಣ್ಣ ನೋಡ್ಯಾನ. 'ನಡಿ ನಡಿ, ಮಗಳು ಹಾದಿ ನೋಡ್ತಿರ್ತಾಳ' ಅಂದನಂತ. ನಮ್ಮ ಹತ್ರ ಬರಾಕ ಓಡಾಕತ್ತಿದ್ನರಿ. ಅಷ್ಟ."

ಮೈಕು ತಿರುಗಿ ಕೈಗೆ ಬಂದಾಗ, ಹೆಣದ ಮನೆಯಲ್ಲೂ ಐದು ನಿಮಿಷ ಭಾಷಣ ಮಾಡಬಲ್ಲ ಮುನಿಕೃಷ್ಣ ಅದರ ತಂತಿಯನ್ನು ಬೆರಳಿಗೆ ಸುತ್ತುತ್ತ ನಿಂತ. ಫ್ಲೆಕ್ಸ್ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದ. ಕೊನೆಗೆ, "ಎಲ್ರೂ ಎರಡು ನಿಮಿಷ ಮೌನವಾಗಿ ನಿಂತ್ಕೊಳ್ಳಿ," ಎಂದ. ಅದು ಸಭೆಯ ಕೊನೆಯಲ್ಲಿ ಆಗಬೇಕಾದದ್ದು. ಇನ್ನೂ ಮೂವರು ಮಾತಾಡುವುದು ಬಾಕಿಯಿತ್ತು. ಆದರೂ ಅವರೂ ಸುಮ್ಮನೆ ಎದ್ದು ತಲೆ ಬಗ್ಗಿಸಿದರು.

ಆನೇಕಲ್ ಬಸ್ಸೊಂದು ದಾರಿ ಸಿಗದೆ ನಿಂತು, ಹಾರ್ನ್ ಬಾರಿಸಿ, ಅದೂ ಸುಮ್ಮನಾಯಿತು. ಶೈಲಶ್ರೀ ಜನರ ನಡುವೆ ನುಸುಳಿಕೊಂಡು ಹಿಂದಕ್ಕೆ ಬಂದಳು. ಹಣಮಂತನಿಗೆ ಅವಳ ಮುಖ ನೋಡಲಾಗಲಿಲ್ಲ. ಬದುಕಿ ಬಂದದ್ದಕ್ಕೆ ಈ ಹುಡುಗಿಯೆದುರು ವರ್ಷವಿಡೀ ನಾಚಿದವನು ಅವನು.

"ಮಾಮಾ," ಎಂದು ಅವಳು ಪಿಸುಗುಟ್ಟಿದಳು. "ಅಪ್ಪ ಜೋರ್ ಓಡಿದ್ನಾ?"

"ಭಾಳ ಜೋರು," ಎಂದ ಹಣಮಂತ. "ನನಗಿಂತ ಮುಂದಿದ್ದ."

ಶೈಲಶ್ರೀ ಅವನ ಪುಡಿ ಮೆತ್ತಿದ ಕೈಯನ್ನು ಹಿಡಿದುಕೊಂಡಳು. ಎರಡು ನಿಮಿಷ ಮುಗಿಯಿತು, ಜನ ಕದಲಿದರು, ಬಸ್ಸು ಹೊರಟಿತು. ಅವರಿಬ್ಬರೂ ಹಾಗೇ ನಿಂತಿದ್ದರು.