ತಿಮ್ಮವ್ವ ಒತ್ತಿದ ಹೌದು

ಕೀಬೋರ್ಡಿನಲ್ಲಿ ‘ಕ’ ಒತ್ತಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬಂದು ಕೂರುತ್ತಿತ್ತು. ನಿನ್ನೆಯಿಂದ ಅಯ್ಯಮ್ಮನಿಗೆ ಅದೇ ಗೋಳು. ಭೀಮರಾಯನಗುಡಿಯ ಕೃಷಿ ಕಾಲೇಜಿನ ಮೇಷ್ಟ್ರೊಬ್ಬರು ಭತ್ತದ ಬೆಳೆಯ ಮೇಲೆ ಬರೆದ ಪುಸ್ತಕವನ್ನು ಟೈಪ್ ಮಾಡಿಕೊಡಲು ಒಪ್ಪಿದ್ದಳು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ತನ್ನದು ಅಂತ ಸಿಕ್ಕ ಮೊದಲ ಕೆಲಸ. ಅದು ಕೈತಪ್ಪುತ್ತದೆಂದು ಅವಳಿಗೆ ಅಳುವೇ ಬರುತ್ತಿತ್ತು.

ಮಾವ ಅಮಾತೆಪ್ಪನದು ಒಂದೇ ಮಾತು: “ಕೆಡಿಸ್ಯಾಳ. ನಾಳಿಗಿ ಈ ಕಂಪ್ಯೂಟರ್ ಸುರಪುರಕ್ಕ ದೊಡ್ಡ ಮಗನ ಮನಿಗಿ ಕಳಸ್ತೀನಿ.”

ಅಮಾತೆಪ್ಪ ಕಾಲುವೆಯ ಗೇಟು ಕಾಯ್ದು ನಿವೃತ್ತನಾದವನು. ಗೇಟಿನ ಚಾವಿ ಸೊಂಟದಲ್ಲಿದ್ದಾಗ ದೊಡ್ಡ ದೊಡ್ಡ ಸಾಹುಕಾರರೂ ಅವನ ಮುಖ ನೋಡಿಯೇ ನೀರು ಕೇಳಬೇಕಿತ್ತು. ಚಾವಿ ಸರಕಾರಕ್ಕೆ ಮರಳಿತು, ಗತ್ತು ಮಾತ್ರ ಮನೆಗೆ ಬಂತು. ಕಂಪ್ಯೂಟರ್ ಆನ್ ಮಾಡಲು ಬಾರದಿದ್ದರೂ ಅದರ ಆ್ಯಂಟಿವೈರಸ್ಸಿನ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ಇದ್ದದ್ದು ಅವನೊಬ್ಬನ ಬಳಿ.

ಅಯ್ಯಮ್ಮ ಶಹಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮನ್ಸೂರಅಲಿಗೆ ಫೋನ್ ಮಾಡಿದಳು. ಅವನು ಹೇಳಿದಂತೆ ಕನ್ನಡದ ಸಾಫ್ಟ್‌ವೇರನ್ನು ಮತ್ತೆ ಹಾಕಿದಳು. ಹಾಕಿದ್ದು ಕಣ್ಣೆದುರೇ ಮಾಯವಾಯಿತು.

“ಹಂಗಾದ್ರ ಆ್ಯಂಟಿವೈರಸ್ಸೇ ನುಂಗಾಕತ್ತದ ನೋಡ್ರಿ ಅಕ್ಕಾ,” ಎಂದ ಮನ್ಸೂರಅಲಿ. “ಕನ್ನಡ ಮೂಡಸಬೇಕಂದ್ರ ನೀವು ಒತ್ತಿದ್ದೆಲ್ಲಾ ಆ ಸಾಫ್ಟ್‌ವೇರ್ ಓದಬೇಕಲ್ರಿ? ಕಳ್ಳರ ಪ್ರೋಗ್ರಾಮೂ ಹಂಗ ಓದ್ತಾವ. ಇದೂ ಕಳ್ಳಂದೇ ಅಂತ ಆ್ಯಂಟಿವೈರಸ್ಸಿಗಿ ಶಕ್ ಬಂದದ. ಅದರ ಹಿಸ್ಟರಿ ತೆಗದು ನೋಡ್ರಿ.”

ತೆಗೆದು ನೋಡಿದಳು. ‘ಈ ಪ್ರೋಗ್ರಾಮನ್ನು ತಡೆಯಲೇ?’ ಎಂದು ಆ್ಯಂಟಿವೈರಸ್ ಮೊನ್ನೆ ಸಂಜೆ ಇಂಗ್ಲಿಷಿನಲ್ಲಿ ಕೇಳಿದೆ. ಯಾರೋ ‘ಹೌದು’ ಒತ್ತಿದ್ದಾರೆ. ಸಂಜೆ ಆ ಕುರ್ಚಿಯಲ್ಲಿ ಕೂರುವವಳು ಅತ್ತೆ ತಿಮ್ಮವ್ವ ಒಬ್ಬಳೇ, ಅದೂ ತತ್ವಪದ ಕೇಳಲು. ಅಯ್ಯಮ್ಮ ಅಡುಗೆಮನೆಗೆ ಹೋದಳು.

“ಅತ್ತಿ, ಮೊನ್ನಿ ಸಂಜಿಮುಂದ ಕಂಪ್ಯೂಟರ್ ಏನರ ಕೇಳಿತ್ತೇನ್ರಿ?”

“ಕೇಳಿತ್ತಲ್ಲ! ಎಡಕ್ಕ ಹೌದು, ಬಲಕ್ಕ ಇಲ್ಲ ಅಂತ ನೀನ ಹೇಳಿಕೊಟ್ಟಿದ್ದಿ. ದೀಪ ಹಚ್ಚೋ ಹೊತ್ತಿನ್ಯಾಗ ಕೇಳಿದವರಿಗಿ ಇಲ್ಲ ಅನಬಾರದವ್ವ. ಹೌದು ಒತ್ತಿದೆ.”

ಅಯ್ಯಮ್ಮನಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. ತಡೆ ತೆಗೆಯಬೇಕೆಂದರೆ ಮಾವನ ಪಾಸ್‌ವರ್ಡ್ ಬೇಕು. ಕೇಳಿದರೆ ಯಾರು ಮಾಡಿದ್ದು ಅನ್ನುತ್ತಾನೆ. ಅತ್ತೆಯ ಹೆಸರು ಹೇಳಿದರೆ ಮುದುಕಿಯ ತತ್ವಪದಕ್ಕೆ ಕಲ್ಲು ಬೀಳುತ್ತದೆ, ತನ್ನ ಹೆಸರು ಹೇಳಿದರೆ ಕಂಪ್ಯೂಟರ್ ಸುರಪುರದ ಬಸ್ಸು ಹತ್ತುತ್ತದೆ. ಅತ್ತ ದರಿ, ಇತ್ತ ಪುಲಿ. ಅತ್ತೆಯನ್ನು ಬೈಸಲು ಅವಳಿಗೆ ಮನಸ್ಸಾಗಲಿಲ್ಲ.

“ನನ್ನಿಂದ್ಲೇ ತಪ್ಪಾಗ್ಯಾದ್ರಿ ಮಾವಾ. ಪಾಸ್‌ವರ್ಡ್ ಹೇಳಿದ್ರ ಸರಿ ಮಾಡ್ತೀನಿ,” ಎಂದಳು.

“ನಾ ಹೇಳಿದ್ದಿಲ್ಲೇನು?” ಎಂದು ಅಮಾತೆಪ್ಪ ಎದ್ದ.

ಅಷ್ಟರಲ್ಲಿ ತಿಮ್ಮವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಸುಳ್ಳ ಹೇಳತಾಳ. ಒತ್ತಿದಾಕಿ ನಾನು.”

“ನಿನಗ್ಯಾರು ಒತ್ತು ಅಂದ್ರು?”

“ಅದು ಕೇಳ್ತು, ಒತ್ತಿದೆ. ಈ ಮನಿಗಿ ಬಂದಾಗಿಂದ ಇದು ಆಗಲೇನು, ಬ್ಯಾಡೇನು ಅಂತ ಒಂದರ ಮಾತು ನನ್ನ ಕೇಳೀರೇನು ನೀವು? ಮಗನ ಲಗ್ನಕ್ಕೂ ಕೇಳಲಿಲ್ಲ. ಅದು ಕೇಳ್ತು. ನನಗ ಖುಷಿ ಆತು.”

ಅಮಾತೆಪ್ಪ ಅಂಗಳದ ಕಡೆ ನೋಡಿದ. ಆಮೇಲೆ ಸೊಸೆಯ ಹತ್ತಿರ ಬಂದು, ಕೆಳದನಿಯಲ್ಲಿ ಪಾಸ್‌ವರ್ಡ್ ಹೇಳಿದ.

ಅಯ್ಯಮ್ಮ ಅದನ್ನು ಹಾಕಿದಳು. ಆ್ಯಂಟಿವೈರಸ್ ಮತ್ತೊಂದು ಪ್ರಶ್ನೆ ಮುಂದಿಟ್ಟಿತು. ಅವಳು ಕುರ್ಚಿ ಬಿಟ್ಟೆದ್ದು ಅತ್ತೆಯನ್ನು ಕೂರಿಸಿದಳು. ತಿಮ್ಮವ್ವ ಸೆರಗಿಗೆ ಕೈ ಒರೆಸಿಕೊಂಡಳು. ಮೌಸ್ ಮುಟ್ಟಲಿಲ್ಲ.

“ಏನ್ ಕೇಳಾಕತ್ತದ, ಮೊದಲ ಓದಿ ಹೇಳು,” ಎಂದಳು.

“ಕನ್ನಡದ ಸಾಫ್ಟ್‌ವೇರ್‌ಗೆ ಮನ್ಯಾಗ ಇರಾಕ ಬಿಡ್ಲೇನು ಅಂತ ಕೇಳಾಕತ್ತದ್ರಿ.”

ತಿಮ್ಮವ್ವ ಯೋಚಿಸತೊಡಗಿದಳು. ಅವಳು ಏನನ್ನುತ್ತಾಳೋ ಎಂದು ಅಮಾತೆಪ್ಪನೂ ಕುರ್ಚಿಯ ಹಿಂದೆ ಕಾಯುತ್ತ ನಿಂತ.