ರಫ್ ಹಾಳೆಯ ಹಿಂಬದಿ

"ಅಂಗಡಿಯವನ ಹೊಟ್ಟಿ ನೋಡು, ಝೆರಾಕ್ಸ್ ಮಷೀನಕಿಂತ ಅದ ಭಾಳ ಜಾಗಾ ಹಿಡದೈತಿ," ಎಂದರು ವಾಸುದೇವರಾಯರು ಮಗಳಿಗೆ. ದಿಲ್‌ಸುಖ್‌ನಗರದ ಮೆಟ್ರೋ ಕಂಬದೆದುರಿನ ಈ ನೆಟ್ ಸೆಂಟರಿನಲ್ಲಿ, ತೆಲುಗು ನಾಡಿನಲ್ಲಿ, ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಅವರದು.

ಕಂಪ್ಯೂಟರಿನ ಮುಂದೆ ಕೂತಿದ್ದ ಭವಾನಿ ತುಟಿ ಕಚ್ಚಿ ಪರದೆಗೆ ಇನ್ನಷ್ಟು ಬಾಗಿದಳು. ಅವಳ ಮನೆಮಾತೂ ಕನ್ನಡವೇ. ಆದರೆ ಅದನ್ನು ಗಿರಾಕಿಗಳೆದುರು ಹೇಳಿಕೊಳ್ಳುವಷ್ಟು ಬಾಯಿ ಅವಳಿಗಿರಲಿಲ್ಲ. ಅವ್ವ ಹಾಸಿಗೆ ಹಿಡಿದ ವರ್ಷ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ಈ ಅಂಗಡಿಯಲ್ಲಿ ಟೈಪು ಮಾಡುತ್ತ, ಪುಸ್ತಕ ಬೈಂಡ್ ಮಾಡುತ್ತ ಆರು ವರ್ಷ ಕಳೆದಿದ್ದಳು.

ಅಂದು ಸಂಜೆ ಆರಕ್ಕೆ ಎಂಬಿಎ ಕೌನ್ಸೆಲಿಂಗಿನ ಆಪ್ಷನ್‌ಗಳು ಫ್ರೀಜ್ ಆಗುವುದಿತ್ತು. ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಇಟ್ಟು ಬಟನ್ ಒತ್ತಿದರೆ ಮುಗಿಯಿತು. ಮೇಲಿನದರಲ್ಲಿ ಸೀಟು ಸಿಕ್ಕರೆ ಕೆಳಗಿನದನ್ನು ಯಾರೂ ನೋಡುವುದಿಲ್ಲ. ರಾಯರ ಮಗಳು ಪ್ರಾಜಕ್ತಾಳ ರ‍್ಯಾಂಕಿಗೆ ಎರಡು ಕಾಲೇಜುಗಳು ಸಿಗುವಂತಿದ್ದವು. ಶಂಶಾಬಾದ್ ದಾರಿಯಲ್ಲಿದ್ದ ಗಾಜಿನ ಕಟ್ಟಡದ್ದೊಂದು. ಕೋಠಿಯ ಓಣಿಯೊಳಗಿನ ಹಳೆಯದೊಂದು.

"ಗಾಜಿಂದು ಮ್ಯಾಲ ಹಾಕು," ಎಂದರು ರಾಯರು. "ಏಸಿ ಬಸ್ ಐತಿ. ಏರ್‌ಪೋರ್ಟಿನ್ಯಾಗ ನೌಕರಿ ಕೊಡಸ್ತಾರಂತ. ಕೋಠಿದರಾಗ ಏನೈತಿ? ಮ್ಯಾಲ ಹೋಗೂ ಪಾವಟಿಗಿ ಸುದ್ದಾ ಮುರದಾವ."

"ಬಸ್ ನೋಡಿ ಕಾಲೇಜ್ ಆರಸ್ತಾರೇನ್ರಿ ಅಪ್ಪಾ?"

"ಮತ್ತೇನ್ ನೋಡಿ ಆರಸ್ಬೇಕು? ನೀನ ಹೇಳು."

ಫೋನಿನಲ್ಲಿ ಎರಡೂ ಕಾಲೇಜುಗಳ ನಗುವ ಮುಖಗಳನ್ನು ನೋಡಿ ನೋಡಿ ಪ್ರಾಜಕ್ತಾಳ ಕಣ್ಣು ದಣಿದಿತ್ತು. "ಅದ ಗೊತ್ತಾಗವಲ್ದು. ಎರಡ ವರ್ಷ ಕೊಟ್ಟೀರಿ ನನಗ. ಆಮ್ಯಾಲ ಭಕ್ತಿ ಅಕ್ಕಂದು ಕಳಿಸಿದಂಗ ನಂದೂ ಫೋಟೋ ಗಂಡಿನ ಮನಿಗೋಳಿಗೆ ಕಳಸ್ತೀರಿ. ಆ ಎರಡು ವರ್ಷ ಸುಮ್ನ ಹೋಗಬಾರ್ದು, ಅಷ್ಟ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

ಭವಾನಿಯ ಬೆರಳುಗಳು ಕೀಲಿಗಳ ಮೇಲೇ ನಿಂತವು. ಗಾಜಿನ ಕಾಲೇಜನ್ನು ಅವಳು ಕಣ್ಣಿಂದ ಕಂಡಿರಲಿಲ್ಲ, ಆದರೆ ಅಲ್ಲಿನ ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳನ್ನು ಪ್ರತಿವರ್ಷ ಬೈಂಡ್ ಮಾಡುತ್ತಿದ್ದಳು. ಪೆನ್‌ಡ್ರೈವ್ ಕೊಟ್ಟು "ಹೆಸರೊಂದು ಬದಲಾಯಿಸಿ" ಎನ್ನುತ್ತಿದ್ದರು. ಪ್ರತಿ ರಿಪೋರ್ಟಿನಲ್ಲೂ ಅದೇ ಒಂದು ಬೈಕ್ ಶೋರೂಮಿನ ನೂರು ಗಿರಾಕಿಗಳಲ್ಲಿ ಎಂಬತ್ತೆರಡು ಮಂದಿಗೆ ತೃಪ್ತಿ. ಆ ಶೋರೂಮು ಮುಚ್ಚಿ, ಅಲ್ಲಿ ಬಿರಿಯಾನಿ ಹೋಟೆಲಾಗಿ ಮೂರು ವರ್ಷ ಆಗಿದ್ದರೂ ಅದರ ಗಿರಾಕಿಗಳು ಇನ್ನೂ ತೃಪ್ತರಾಗಿಯೇ ಇದ್ದರು. ಹಳೆಯ ಕಾಲೇಜಿನವರದು ಬೇರೆಯೇ ಗೋಳು. ಒಂದೇ ರಿಪೋರ್ಟು ಮೂರು ನಾಲ್ಕು ಸಲ ತಿರುಗಿ ಬರುತ್ತಿತ್ತು, ಹಾಳೆಯ ತುಂಬ ಕೆಂಪು ಶಾಯಿ. ಮತ್ತೆ ಮತ್ತೆ ಟೈಪು ಮಾಡಿ ಭವಾನಿಯ ಬೆನ್ನು ನೋಯುತ್ತಿತ್ತು. ಆದರೂ ಆ ಕೆಂಪು ಗೀಟುಗಳನ್ನು ಕಂಡಾಗ ಅವಳಿಗೆ ಏಳನೆಯ ತರಗತಿಯ ಸುಭದ್ರಾ ಟೀಚರ್ ನೆನಪಾಗುತ್ತಿದ್ದರು. ಉಳಿದವರೆಲ್ಲ ಪುಟಕ್ಕೊಂದು ರೈಟ್ ಗುರುತು ಹಾಕಿ ತಳ್ಳಿದರೆ, ಅವರೊಬ್ಬರು ಅವಳ ವಹಿಯನ್ನು ಸಾಲು ಸಾಲಾಗಿ ಓದಿದ್ದರು. ಆ ವಹಿ ಇಂದಿಗೂ ಅವಳ ಟ್ರಂಕಿನಲ್ಲಿತ್ತು.

ಹೇಳಬೇಕು. ಆದರೆ ಪಕ್ಕದಲ್ಲೇ ಮಾಲೀಕ ಸತೀಶ ಕೂತಿದ್ದ. ಅವನ ತಲೆಯ ಮೇಲಿನ ಗಡಿಯಾರ ಗಾಜಿನ ಕಾಲೇಜಿನವರು ಕೊಟ್ಟದ್ದು, ಕೌಂಟರಿನ ಮೇಲಿನ ಪಾಂಪ್ಲೆಟ್ಟುಗಳೂ ಅವರವೇ. "ಆಂಖಾ ಬಂದ್ ಕರ್ಕೇ ಡಾಲ್ ದೇವ್ ಸಾಬ್, ಟಾಪ್ ಕಾಲೇಜ್ ಹೈ," ಕಣ್ಣು ಮುಚ್ಚಿ ಹಾಕಿಬಿಡಿ ಎಂದು ಅವನು ರಾಯರಿಗೆ ಹಿಂದಿಯಲ್ಲಿ ಆಗಲೇ ಎರಡು ಸಲ ಹೇಳಿದ್ದ.

"ಏಕ್ ರಫ್ ಪೇಪರ್ ದೇತೇ?" ಎಂದು ಪ್ರಾಜಕ್ತಾ ಕೇಳಿದಳು. ಆಪ್ಷನ್ ತುಂಬುವ ಮೊದಲು ಎಲ್ಲರೂ ಒಮ್ಮೆ ಕಾಗದದ ಮೇಲೆ ಪಟ್ಟಿ ಬರೆದುಕೊಳ್ಳುತ್ತಿದ್ದರು. ಅದಕ್ಕೆಂದೇ ಕೆಟ್ಟ ಪ್ರಿಂಟುಗಳನ್ನೂ ಹುಡುಗರು ಬಿಟ್ಟುಹೋದ ಹಾಳೆಗಳನ್ನೂ ಒಂದು ಟ್ರೇಯಲ್ಲಿ ಮಗುಚಿ ಇಟ್ಟಿರುತ್ತಿದ್ದರು.

ಭವಾನಿ ಟ್ರೇ ಎಳೆದಳು. ಮೇಲಿನ ಹಾಳೆ ಕೊಡಲಿಲ್ಲ. ಅಡಿಯವರೆಗೆ ಕೈಹಾಕಿ ತಡಕಿದಳು.

"ಅರೇ, ಕಾಗದ ಹುಡುಕೋಕೆ ಮುಹೂರ್ತ ಬೇಕಾ?" ಎಂದು ಸತೀಶ ತೆಲುಗಿನಲ್ಲಿ ಗದರಿದ. ಅವಳ ಕಿವಿ ಬಿಸಿಯಾಯಿತು. ಮೂರು ಹಾಳೆ ಆರಿಸಿ, ಖಾಲಿ ಬದಿ ಮೇಲೆ ಮಾಡಿ ಪ್ರಾಜಕ್ತಾಳ ಮುಂದಿಟ್ಟಳು. ಒಂದು ಗಳಿಗೆ ತಡೆದು, ಮೊದಲನೆಯ ಹಾಳೆಯ ಅಂಚನ್ನು ಬೆರಳಿಂದ ಮಡಚಿ ಬಿಟ್ಟಳು.

ಪ್ರಾಜಕ್ತಾ ಅವಳ ಮುಖ ನೋಡಿದಳು. ಭವಾನಿ ಎದ್ದು ಪ್ರಿಂಟರಿಗೆ ಕಾಗದ ತುಂಬತೊಡಗಿದಳು.

ಹಾಳೆ ತಿರುಗಿಸಿದ ಸದ್ದು ಕೇಳಿತು. ಇನ್ನೊಂದು. ಆಮೇಲೆ, "ಅಪ್ಪಾ, ಇಲ್ಲಿ ನೋಡ್ರಿ. ಎರಡೂ ಗಾಜಿನ ಕಾಲೇಜಿನವು. ಮ್ಯಾಲ ಹುಡುಗರ ಹೆಸರು ಬ್ಯಾರೆ, ವರ್ಷ ಬ್ಯಾರೆ. ಒಳಗಿಂದೆಲ್ಲಾ ಒಂದ."

ರಾಯರು ಕನ್ನಡಕ ಏರಿಸಿದರು. ಮೂವತ್ತು ವರ್ಷ ಜನಗಣತಿ ಆಫೀಸಿನಲ್ಲಿದ್ದವರು ಅವರು. ಎರಡು ಕೋಷ್ಟಕಗಳ ಮೇಲೆ ಬೆರಳು ಒಮ್ಮೆ ಇಳಿಯಿತು, ಅಷ್ಟೇ. "ಎಂಬತ್ತೆರಡು, ಎಂಬತ್ತೆರಡು. ಹದಿನೆಂಟು, ಹದಿನೆಂಟು. ಇವು ಮನಿ ಮನಿಗೆ ಹೋಗಿ ಬರದವಲ್ಲ. ಗಿಡದ ಬುಡಕ ಕುಂತು ತುಂಬಿದ ಫಾರ್ಮು. ಇಂಥವು ಎಷ್ಟ್ ಹರದು ಒಗದೀನಿ!"

"ಮೂರನೇದು ಕೋಠಿದು ನೋಡ್ರಿ."

ಮೂರನೆಯದರಲ್ಲಿ ಅಚ್ಚಾದ ಅಕ್ಷರಕ್ಕಿಂತ ಕೆಂಪು ಅಕ್ಷರವೇ ಹೆಚ್ಚಿತ್ತು. ರಾಯರು ಇಂಗ್ಲಿಷಿನಲ್ಲಿದ್ದುದನ್ನು ನಿಧಾನ ಓದಿ ಕನ್ನಡದಲ್ಲಿ ಹೇಳಿದರು. "'ಇದು ನಿನಗೆ ಯಾರು ಹೇಳಿದರು? ಹೋಗಿ ಕೇಳಿದೆಯಾ? ನಾಳೆ ಮತ್ತೆ ಹೋಗು.'" ಕೆಳಗೆ ಇನ್ನೊಂದು ಸಾಲಿತ್ತು. "'ಈ ಪ್ಯಾರಾ ಚೆನ್ನಾಗಿದೆ. ಇದನ್ನು ತೆಗೆಯಬೇಡ.'" ಅವರು ಆ ಹಾಳೆಯನ್ನು ಕೆಳಗಿಡಲಿಲ್ಲ. "ಇದನ್ನ ಯಾರೋ ಕುಂತು ಓದ್ಯಾರ."

"ಪಾವಟಿಗಿ ಮುರದಾವಲ್ರಿ ಅಪ್ಪಾ?"

"ಸಾವಕಾಶ ಹತ್ತು."

ಐದೂವರೆಗೆ ಕೋಠಿಯ ಕಾಲೇಜು ಪಟ್ಟಿಯ ಮೇಲೇರಿತು. ಪ್ರಾಜಕ್ತಾಳ ಫೋನಿಗೆ ಬಂದ ಒಟಿಪಿ ಅಂಕಿಗಳನ್ನು ಭವಾನಿ ತುಂಬಿ ಫ್ರೀಜ್ ಒತ್ತಿದಳು. ಸತೀಶ ಚಹಾ ಹೇಳಲು ಹೊರಗೆ ಹೋಗಿದ್ದ.

"ಚಲೋ ಆತು ಬಿಡ್ರಿ," ಎಂದಳು ಭವಾನಿ, ಅಚ್ಚ ಕನ್ನಡದಲ್ಲಿ, ಪರದೆಯನ್ನೇ ನೋಡುತ್ತ.

ರಾಯರು ಬೆಚ್ಚಿದರು. "ಏ ಯವ್ವಾ, ನೀ ನಮ್ಮಾಕಿ ಏನು? ಮತ್ತ ನಾ ಆ ಹೊಟ್ಟಿ ಬಗ್ಗೆ..."

"ನಾ ಏನೂ ಕೇಳಿಲ್ರಿ," ಎಂದಳು ಭವಾನಿ. ಪ್ರಾಜಕ್ತಾಳ ನಗು ಮೆಟ್ರೋ ಮೆಟ್ಟಿಲವರೆಗೂ ಕೇಳಿಸಿತು.

ಎರಡನೆಯ ವರ್ಷ ಮುಗಿಯುತ್ತ ಬಂದಾಗ ಪ್ರಾಜಕ್ತಾ ತನ್ನ ರಿಪೋರ್ಟು ಹಿಡಿದು ಬಂದಳು. ಅದು ನಾಲ್ಕನೆಯ ಸಲ. ಹಾಳೆಗಳ ತುಂಬ ಕೆಂಪು.

"ಸಾಕಾಗೇತಿ ಭವಾನಿ ಅಕ್ಕಾ. ಐದು ಕಾಲೇಜಿಗೆ ಹೋಗಿ ತೊಂಬತ್ತೊಂಬತ್ತು ಮಂದಿನ್ನ ಕೇಳೀನಿ, ಕಾಲೇಜ್ ಹೆಂಗ ಆರಿಸಿದ್ರಿ ಅಂತ. ಅಪ್ಪನೂ ಸಂಗಾಟ ಬಂದಿದ್ರು, ಪ್ಯಾಡ್ ಹಿಡಕೊಂಡು. ರಿಟೈರ್ ಆದಮ್ಯಾಲ ಇಷ್ಟು ಖುಷಿಲೇ ಇದ್ದದ್ದು ನಾ ನೋಡಿಲ್ಲ. ಫೋಟೋ ಮಾತ ಮರತಾರ ಸದ್ಯಕ್ಕ. ಈಗ ಮೇಡಂ ನೋಡು ಏನ್ ಬರದಾರ. 'ನಿನ್ನನ್ನೇ ಯಾಕೆ ಕೇಳಿಕೊಂಡಿಲ್ಲ?'" ಅವಳು ದನಿ ತಗ್ಗಿಸಿದಳು. "ನಾ ಆರಿಸಿದ್ದು ನಿನ್ನಿಂದ. ನಿನ್ನ ಹೆಸರು ಬರೀಲೇನು?"

ಭವಾನಿ ಸತೀಶನತ್ತ ನೋಡಿ ತಲೆಯಾಡಿಸಿದಳು. "ಬ್ಯಾಡ."

"ಹಂಗಾದ್ರ ನಾ ಬರದಿದ್ದನ್ನ ಟೈಪ್ ಮಾಡು."

ಭವಾನಿ ಕೋಷ್ಟಕ ತೆರೆದಳು. ನೌಕರಿಯ ಭರವಸೆ, ನಲವತ್ತೊಂದು. ಕಟ್ಟಡ ಮತ್ತು ಬಸ್ಸು, ಇಪ್ಪತ್ಮೂರು. ಗೆಳೆಯರು, ಹತ್ತೊಂಬತ್ತು. ತಂದೆತಾಯಿ, ಹದಿನಾರು. ಅದರ ಕೆಳಗೆ ಪೆನ್ಸಿಲಿನಲ್ಲಿ ಸೇರಿಸಿದ ಹೊಸ ಸಾಲನ್ನು ಅವಳು ಎರಡು ಸಲ ಓದಿದಳು. ರಫ್ ಹಾಳೆ. ಅದರೆದುರಿನ ಚೌಕದಲ್ಲಿ ಒಂದು ಎಂದು ಒತ್ತಿದಳು. ಒಟ್ಟು ನೂರಾಯಿತು.

ಮೊದಲ ಪ್ರತಿ ತುಸು ಗೀಟು ಬಿದ್ದು ಬಂತು. ಇನ್ನೊಂದು ತೆಗೆದು ಪ್ರಾಜಕ್ತಾಳಿಗೆ ಕೊಟ್ಟಳು. ಕೆಟ್ಟ ಪ್ರತಿಯನ್ನು ಟ್ರೇಯವರೆಗೆ ಒಯ್ದ ಕೈ ಅಲ್ಲೇ ನಿಂತಿತು. ಆಮೇಲೆ ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಊಟದ ಡಬ್ಬಿಯ ಎಣ್ಣೆ ತಾಗದಂತೆ, ತನ್ನ ಚೀಲದ ಹೊರಜೇಬಿಗಿಟ್ಟು ಜಿಪ್ ಎಳೆದಳು.