ಬಲಗಡೆ ಸಾಲಿನ ಬಾಣ

"ಬಾಣ ಎಡಕ್ಕೇ ಇತ್ತಪ್ಪಾ. ಕಣ್ಣಾರೆ ನೋಡಿದೀನಿ."

ಮಗಳು ಇದನ್ನು ಹೇಳುತ್ತಿರುವುದು ನಿನ್ನೆ ಸಂಜೆಯಿಂದ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ. ಅಡುಗೆಮನೆಯ ಮೇಜಿನ ಮುಂದೆ ಕೂತು, ಚಮಚವನ್ನು ಗಾಡಿ ಮಾಡಿಕೊಂಡು ಸಕ್ಕರೆ ಡಬ್ಬಿಯ ಸುತ್ತ ಓಡಿಸಿ ತೋರಿಸುತ್ತಿದ್ದಳು. ಡಬ್ಬಿ ಎಂದರೆ ಸರ್ಕಲ್ಲು. ಬಲಗಡೆ ಸಾಲಿನಲ್ಲಿ ಅವಳು ಓಡಿಸುವ ಬೇಕರಿ ವ್ಯಾನು. ಎಡಗಡೆ ಸಾಲಿನಲ್ಲಿ ಸ್ಕೂಟರಿನ ಮೇಲೆ ಪಕ್ಕದ ಬೀದಿಯ ಟೈಲರಮ್ಮ. ಅವರ ಪಾತ್ರ ಉಪ್ಪಿನ ಬಟ್ಟಲಿಗೆ ಬಂದಿತ್ತು. ಟೈಲರಮ್ಮ ನೆಟ್ಟಗೆ ಹೊರಟಿದ್ದರು, ವ್ಯಾನು ಎಡಕ್ಕೆ ತಿರುಗಿತು. ಇಲ್ಲಿಗೆ ಬಂದೊಡನೆ ಪ್ರತಿ ಸಲವೂ ಮಗಳ ಕೈ ನಿಂತುಬಿಡುತ್ತಿತ್ತು. ಟೈಲರಮ್ಮನ ತೊಡೆಯ ಮೂಳೆ ಮುರಿದಿತ್ತು. ಇವತ್ತು ಆಪರೇಷನ್ನು.

"ಬಾಣ ಹೇಳ್ತು ಅಂತ, ಪಕ್ಕದಲ್ಲಿ ಯಾರಾದ್ರೂ ಇದಾರಾ ಅಂತ ನೋಡೋದು ಬೇಡ್ವೇನೇ?" ಎಂದಳು ತಾಯಿ. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿತ್ತು.

"ಬಲಗಡೆ ಸಾಲಲ್ಲಿ ಎಡದ ಬಾಣ ಇರೋಕೆ ಸಾಧ್ಯವೇ ಇಲ್ಲ," ಎಂದ ಅಪ್ಪ. "ಅದನ್ನ ಬರೆದೋನು ನಾನು."

ಅದೇ ನೋಡಿ ಪಜೀತಿ. ರಸ್ತೆಗೆ ಗೆರೆ ಬರೆಯುವ ತಂಡದ ಮೇಸ್ತ್ರಿ ಅವನು, ಇಪ್ಪತ್ತಾರು ವರ್ಷದಿಂದ. ನೂಲು ಹಿಡಿದ ಹಾಗೆ ಗೆರೆ ಎಳೆಯುತ್ತಾನೆಂದು ಜೊತೆಯವರು ಅವನನ್ನು ನೂಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು. ಮಗಳಿಗೆ ಗಾಡಿ ಕಲಿಸಿದವನೂ ಅವನೇ. "ಗೆರೆ ನಂಬು ಮಗಳೇ. ಅದನ್ನ ಬರೆದೋನು ನಿನಗಿಂತ ಮುಂಚೆ ಯೋಚನೆ ಮಾಡಿರ್ತಾನೆ" ಎಂದು ಪಕ್ಕದ ಸೀಟಿನಲ್ಲಿ ಕೂತು ದಿನಾ ಪಾಠ ಹೇಳಿದ್ದ.

"ಹಾಗಿದ್ರೆ ನಾನೇ ತಪ್ಪು ನೋಡಿರ್ಬೇಕು," ಎಂದಳು ಮಗಳು, ಇದ್ದಕ್ಕಿದ್ದಂತೆ ಸಣ್ಣ ದನಿಯಲ್ಲಿ. "ಹನ್ನೊಂದಕ್ಕೆ ಮಹಜರಿಗೆ ಬರ್ತಾರೆ. ಇನ್ಸ್‌ಪೆಕ್ಟರ್ ಹತ್ರ ಹಾಗೇ ಹೇಳ್ಬಿಡ್ತೀನಿ."

ಲೈಸೆನ್ಸು ಆಗಲೇ ಠಾಣೆಯಲ್ಲಿತ್ತು. ವ್ಯಾನಿನ ಕೀಲಿಯನ್ನು ಬೇಕರಿಯವರು ವಾಪಸ್ ತೆಗೆದುಕೊಂಡಿದ್ದರು. ಒಪ್ಪಿಕೊಂಡರೆ ಮೂರು ತಿಂಗಳ ಹಿಂದೆ ಸಿಕ್ಕ ಕೆಲಸವೂ ಹೋಯಿತು, ಇನ್ನು ಸ್ಟೇರಿಂಗ್ ಮುಟ್ಟುವ ಧೈರ್ಯವೂ ಹೋಯಿತು. ಮಗಳು ತನ್ನ ಮಾತು ಒಪ್ಪಿದಳೆಂದು ಮೇಸ್ತ್ರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಚಹಾವನ್ನು ಹಾಗೇ ಬಿಟ್ಟು ಎದ್ದ.

"ಎಲ್ಲಿಗೆ?" ಎಂದಳು ಹೆಂಡತಿ.

"ಒಂದ್ಸಲ ನೋಡ್ಕೊಂಡು ಬರ್ತೀನಿ."

ಸರ್ಕಲ್ಲು ತಲುಪಿದಾಗ ಎಂಟೂವರೆ. ಆಫೀಸು, ಶಾಲೆಯ ಗಾಡಿಗಳು ಮುಗಿಬಿದ್ದಿದ್ದವು. ಬೈಸಿಕಲ್ಲನ್ನು ಕಂಬಕ್ಕೆ ಒರಗಿಸಿ, ಗಾಡಿಗಳು ಸ್ವಲ್ಪ ಬಿಡುವು ಕೊಡಲಿ ಎಂದು ಕಾದು ನಿಂತ. ಬಿಡುವು ಸಿಕ್ಕಿತು. ನೋಡಿದ.

ಅಯ್ಯೋ ದೇವರೇ.

ಎಡಗಡೆ ಸಾಲಿನಲ್ಲಿ ನೆಟ್ಟಗೆ ಮತ್ತು ಎಡಕ್ಕೆ ಬಾಣ, ಸರಿ. ಬಲಗಡೆ ಸಾಲಿನಲ್ಲೂ ಅದೇ: ನೆಟ್ಟಗೆ ಮತ್ತು ಎಡಕ್ಕೆ. ಬೆಳ್ಳಗೆ, ಅಂಚು ಒಂದಿಷ್ಟೂ ಕದಡದ ಹಾಗೆ, ನೂಲು ಹಿಡಿದಂತೆ. ಅದರ ಪಕ್ಕದಲ್ಲಿ ಕರಿ ಬಣ್ಣ ಬಳಿದು ಮುಚ್ಚಿದ್ದ ಹಳೆಯ ಗೆರೆಗಳು ಸವೆದು ಮೇಲೆದ್ದಿದ್ದವು. ಯಾವುದು ಹೊಸದು, ಯಾವುದು ಹಳೆಯದು ಎಂದು ತಿಳಿದವನಿಗೇ ಗಲಿಬಿಲಿಯಾಗಬೇಕು.

ಹೇಗಾಯಿತೆಂದು ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಣದ ಅಚ್ಚು ಒಂದೇ ತಗಡು. ಹಾಗೇ ಇಟ್ಟರೆ ಎಡ, ಮಗುಚಿ ಹಾಕಿದರೆ ಬಲ. ಗುರುತಿಗೆ ಎರಡು ಬದಿಗೂ ಬರೆದಿದ್ದ ಅಕ್ಷರಗಳು ಒಣಗಿದ ಬಣ್ಣದ ಪದರದಡಿ ಎಂದೋ ಹೂತುಹೋಗಿದ್ದವು. ಮೇಲಾಗಿ ಅವನು ಗಾಡಿಗಳಿಗೆ ಎದುರು ಮುಖ ಮಾಡಿಯೇ ಕೆಲಸ ಮಾಡುವವನು. ಹನ್ನೆರಡು ವರ್ಷದ ಹಿಂದೆ ಜೊತೆಗಾರನೊಬ್ಬ ಬೆನ್ನು ತಿರುಗಿಸಿ ಗೆರೆ ಎಳೆಯುತ್ತಿದ್ದಾಗ ಲಾರಿ ಬಂದು ಬಡಿದಿತ್ತು. ಅಂದಿನಿಂದ ಮೇಸ್ತ್ರಿ ಒಂದು ದಿನವೂ ಗಾಡಿಗಳಿಗೆ ಬೆನ್ನು ಕೊಟ್ಟವನಲ್ಲ. ಎದುರು ನಿಂತವನಿಗೆ ಎಡವೆಲ್ಲ ಬಲ. ಮನಸ್ಸಿನಲ್ಲೇ ತಿರುಗಿಸಿಕೊಂಡು ಬರೆಯುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಆದರೆ ಭಾನುವಾರ ಇಲ್ಲಿ ಹೊಸ ಬಾಣ ಬರೆಯುವಾಗ ತಗಡನ್ನು ಮಗುಚಿದ, ಏನೋ ಅನುಮಾನ ಬಂತು, ಇನ್ನೊಂದು ಸಲ ಮಗುಚಿದ. ಆ ಎರಡನೆಯ ಸಲ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

ನಾಲ್ಕು ದಿನದಲ್ಲಿ ಸಾವಿರಾರು ಗಾಡಿಗಳು ಇದರ ಮೇಲೆ ಹರಿದುಹೋಗಿದ್ದವು. ದಿನಾ ಓಡಾಡುವವರು ಯಾರು ಬಾಣ ನೋಡುತ್ತಾರೆ, ಅಭ್ಯಾಸಬಲದಿಂದ ಹೋಗುತ್ತಾರೆ. ನೋಡಿದವಳು, ನೋಡಿ ನಂಬಿದವಳು ಅವನ ಮಗಳೊಬ್ಬಳೇ ಇರಬೇಕು. ಕಲಿಸಿದ್ದೇ ಅವನಲ್ಲವೇ?

ಕಂಟ್ರಾಕ್ಟರಿಗೆ ಫೋನ್ ಮಾಡಿ ತಪ್ಪು ಬಾಣ, ನಿನ್ನೆಯ ಆಕ್ಸಿಡೆಂಟು, ಹನ್ನೊಂದರ ಮಹಜರು ಎಲ್ಲ ಹೇಳಿದ.

"ಮೊದಲು ಅದನ್ನ ಅಳಿಸಿಹಾಕು ಮಾರಾಯ," ಎಂದರು ಕಂಟ್ರಾಕ್ಟರು. "ಟೆಂಪೋದಲ್ಲಿ ಕರಿ ಬಣ್ಣ, ತಗಡು ಎಲ್ಲಾ ಕಳಿಸ್ತೀನಿ. ಮಹಜರಿಗೆ ಇನ್ನೂ ಟೈಮಿದೆ. ಸರಿಯಾದ್ದು ಬರೆದು ಮನೆಗೆ ಹೋಗು. ಯಾರಿಗೆ ಗೊತ್ತಾಗತ್ತೆ?"

"ಸಾರ್, ಗಾಡಿ ಓಡಿಸ್ತಿದ್ದೋಳು ನನ್ನ ಮಗಳು."

"ಅವಳಿನ್ನೂ ಚಿಕ್ಕೋಳು. ಲೈಸೆನ್ಸು ಇವತ್ತು ಹೋದ್ರೆ ನಾಳೆ ಬರತ್ತೆ. ನಿನ್ನ ಕೆಲಸ ಹೋದ್ರೆ ಈ ವಯಸ್ಸಲ್ಲಿ ಯಾರು ಕರೀತಾರೆ? ತಣ್ಣಗೆ ಕೂತು ಯೋಚನೆ ಮಾಡು."

ಒಂಬತ್ತೂವರೆಗೆ ಟೆಂಪೋ ಬಂತು. ಕರಿ, ಬಿಳಿ ಬಣ್ಣದ ಎರಡು ಡಬ್ಬ, ಎರಡು ಬ್ರಷ್ಷು, ತಗಡು, ಕೆಂಪು ಬಾವುಟ. ರಸ್ತೆಗೆ ಅಡ್ಡ ಇಡುವ ಕೋನುಗಳೆಲ್ಲ ಬೇರೆ ಕೆಲಸಕ್ಕೆ ಹೋಗಿವೆ ಎಂದು ಹೇಳಿ ಟೆಂಪೋದವನು ಹೊರಟುಹೋದ.

ಮೇಸ್ತ್ರಿ ಗಾಡಿಗಳಿಗೆ ಎದುರಾಗಿ ಕುಕ್ಕರುಗಾಲಿನಲ್ಲಿ ಕೂತು ಬ್ರಷ್ಷನ್ನು ಕರಿ ಡಬ್ಬದಲ್ಲಿ ಅದ್ದಿದ. ಹತ್ತು ನಿಮಿಷದ ಕೆಲಸ. ಆಮೇಲೆ ಮಗಳು ಬಂದು, ಸರಿಯಾದ ಬಾಣವನ್ನು ನೋಡಿ, ತನ್ನ ಕಣ್ಣನ್ನೇ ನಂಬದೆ ತಲೆ ತಗ್ಗಿಸುತ್ತಾಳೆ. ಜೀವನವಿಡೀ ತಗ್ಗಿಸಿಕೊಂಡೇ ಇರುತ್ತಾಳೆ. ಬ್ರಷ್ಷಿನಿಂದ ಕರಿ ಹನಿಯೊಂದು ಅವನ ಚಪ್ಪಲಿಯ ಮೇಲೆ ಬಿತ್ತು. ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡ ಇಟ್ಟು, ಎಲ್ಲವನ್ನೂ ಎತ್ತಿಕೊಂಡು ಬದಿಗೆ ಬಂದ. ಇರಲಿ, ಹಾಗೇ ಇರಲಿ, ಬಂದು ನೋಡಲಿ.

ಅಷ್ಟರಲ್ಲಿ ಬಲಗಡೆ ಸಾಲಿಗೆ ಬಂದ ಬೂದು ಬಣ್ಣದ ಕಾರೊಂದು ಎಡಕ್ಕೆ ಇಂಡಿಕೇಟರ್ ಹಾಕಿತು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು. ಎಡಗಡೆ ಸಾಲಿನಲ್ಲಿ ಬಸ್ಸು ನೆಟ್ಟಗೆ ನುಗ್ಗಿ ಬರುತ್ತಿತ್ತು. ಮೇಸ್ತ್ರಿ ಏನು ಕೂಗಿದನೋ ಅವನಿಗೇ ಗೊತ್ತಿಲ್ಲ. ಬ್ರೇಕು ಕಿರುಚಿತು. ಕಾರಿಗೂ ಬಸ್ಸಿಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ.

ಅಳಿಸಿದರೆ ಮಗಳು ಹೋದಳು. ಬಿಟ್ಟರೆ ಇನ್ಯಾರ ಮಗಳೋ.

ಕೊನೆಗೆ ಬಾವುಟ ಹಿಡಿದು ಹೋಗಿ ಬಾಣದ ತಲೆಯ ಮೇಲೇ ನಿಂತ. ಎಡಕ್ಕೆ ಹೊರಳಲು ನೋಡಿದವರನ್ನೆಲ್ಲ ಕೈಯಾಡಿಸಿ ನೆಟ್ಟಗೆ ಅಟ್ಟಿದ.

"ಏನ್ರೀ, ಸರ್ಕಲ್ಲು ನಿಮ್ಮಪ್ಪಂದಾ?" ಎಂದು ಒಬ್ಬ ಕೂಗಿದ. "ತಲೆ ನೆಟ್ಟಗಿದ್ಯಾ?" ಎಂದ ಇನ್ನೊಬ್ಬ. ಹಾರನ್ನುಗಳ ಗದ್ದಲದಲ್ಲಿ ಕಿವಿ ಗುಂಯ್‌ಗುಟ್ಟಿತು. ಮೇಸ್ತ್ರಿ ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಹತ್ತು. ಹತ್ತೂಕಾಲು. ಮುಳ್ಳು ಅಂಟಿಕೊಂಡು ಕೂತಿದೆಯೋ ಏನೋ ಅನ್ನಿಸುತ್ತಿತ್ತು. ಫೋನು ಜೇಬಿನಲ್ಲಿ ಮೂರು ಸಲ ಬಡಿದುಕೊಂಡಿತು, ಎತ್ತಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಇನ್ಸ್‌ಪೆಕ್ಟರ್, ಫೋಟೋ ತೆಗೆಯುವ ಪೇದೆ, ಅವರ ಹಿಂದೆ ಮಗಳು.

"ಯಾರ್ರೀ ಅದು, ನಡುರಸ್ತೇಲಿ?"

ಮೇಸ್ತ್ರಿ ಪಕ್ಕಕ್ಕೆ ಸರಿದ. "ಇದ್ರದ್ದು ಫೋಟೋ ತಗೊಳ್ಳಿ ಸಾರ್. ಇದು ಬಲಕ್ಕಿರಬೇಕಾದ್ದು. ತಪ್ಪು ಬರೆದೋನು ನಾನು. ಅಳಿಸೋಕೆ ಅಂತ ಬಣ್ಣಾನೂ ತಂದಿದ್ದೆ, ಅದನ್ನೂ ಬರ್ಕೊಳ್ಳಿ."

ಮಗಳು ಬಾಣವನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿ ಎದ್ದರು. "ಬಾಣ ತಪ್ಪಿದೆ, ಸರಿ. ಆದ್ರೆ ಬಾಣ ಏನಾದ್ರೂ ಹೇಳ್ಲಿ, ತಿರುಗೋ ಮುಂಚೆ ಕನ್ನಡಿ ನೋಡೋದು ಓಡಿಸೋರ ಜವಾಬ್ದಾರಿ. ನೋಡಿದ್ರೇನಮ್ಮಾ?"

ಮೇಸ್ತ್ರಿ ಮಗಳ ಮುಖವನ್ನೇ ನೋಡಿದ. ನೋಡಿದ್ದೆ ಅನ್ನು, ಮಗಳೇ. ಒಂದೇ ಒಂದು ಮಾತು.

"ಇಲ್ಲ ಸಾರ್," ಎಂದಳು. "ಬಾಣ ಇದ್ಯಲ್ಲ ಅಂತ ನೋಡ್ಲಿಲ್ಲ."

ಪೇದೆ ಎರಡನ್ನೂ ಬರೆದುಕೊಂಡ. ಟೇಪು ಹಿಡಿದು ಅಳೆದರು, ನಾಲ್ಕು ಕಡೆಯಿಂದ ಫೋಟೋ ತೆಗೆದರು, ಇಬ್ಬರ ಸಹಿಯನ್ನೂ ಹಾಕಿಸಿಕೊಂಡರು. ನಾಳೆ ಇಬ್ಬರೂ ಠಾಣೆಗೆ ಬರಬೇಕು ಎಂದರು. "ಈಗ ಇದನ್ನ ಸರಿ ಮಾಡ್ರೀ, ಇನ್ನೊಬ್ಬರು ಬೀಳೋದು ಬೇಡ" ಎಂದು ಹೇಳಿ ಇನ್ಸ್‌ಪೆಕ್ಟರ್ ಜೀಪಿನ ಕಡೆ ನಡೆದರು.

ಮಗಳು ಅಪ್ಪನ ಕೈಯಿಂದ ಬಾವುಟ ತೆಗೆದುಕೊಂಡಳು. ನಾಲ್ಕು ಮಾರು ಹಿಂದಕ್ಕೆ ಹೋಗಿ, ಬರುವ ಗಾಡಿಗಳಿಗೆ ಎದುರಾಗಿ ನಿಂತಳು.

ಮೇಸ್ತ್ರಿ ಕರಿ ಬಣ್ಣ ಬಳಿದ. ಅದು ಒಣಗುವವರೆಗೆ ಕಾದ. ತಗಡನ್ನು ಎತ್ತಿಕೊಂಡು ಎಂದಿನ ಜಾಗಕ್ಕೆ ಹೋದವನು ಅಲ್ಲಿ ನಿಲ್ಲದೆ, ಸುತ್ತು ಹಾಕಿ ಈ ಕಡೆಗೆ ಬಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಗಾಡಿಗಳಿಗೆ ಬೆನ್ನು ಹಾಕಿ ಮಂಡಿಯೂರಿದ. ಬೆನ್ನ ಹಿಂದೆ ಎಂಜಿನ್ನುಗಳು ಗುರುಗುಟ್ಟುತ್ತಿದ್ದವು. ಅವುಗಳ ನಡುವೆ ಬಾವುಟ ಪಟಪಟನೆ ಬಡಿಯುವ ಸದ್ದು ಕೇಳುತ್ತಿತ್ತು.

"ಯಾವ ಕಡೆಗಮ್ಮಾ?" ಎಂದು ತಿರುಗದೆಯೇ ಕೇಳಿದ.

"ಬಲಕ್ಕಪ್ಪಾ."

ಅವನು ತಗಡನ್ನು ನೆಲಕ್ಕೆ ಒತ್ತಿ ಹಿಡಿದ.